ಒಮ್ಮೊಮ್ಮೆ ಸ್ಟಾರ್ಟ್ ಆಗದ ಲಾರಿ

"ಗುರುಗಳೇ, ಒಮ್ಮೊಮ್ಮೆ ಎದೆ ಹಿಡಿದಂತಾಗುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮೂರು ಸಲ ವೈದ್ಯರಿಗೆ ತೋರಿಸಿದೆ. ಅಲ್ಲಿಗೆ ಹೋದಾಗ ಏನೂ ಇರುವುದಿಲ್ಲ. ಇಂದು ಬೆಳಿಗ್ಗೆ ನಾನು ಇಲ್ಲಿಗೆ ಹೊರಟಾಗಲೂ ಅದನ್ನೇ ಅಂದಳು. ಯಾರಿಗೂ ಕಾಣದ ನೋವನ್ನು ನಾನು ಹೇಗೆ ನಂಬಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಲಾರಿ ಮಾಲೀಕನಿದ್ದ. ಅವನ ಡೀಸೆಲ್ ಲಾರಿಗೆ ಇಪ್ಪತ್ತೆರಡು ವರ್ಷ. ಅದರಲ್ಲಿ ಹದಿನೆಂಟು ವರ್ಷ ಒಬ್ಬನೇ ಡ್ರೈವರ್ ಅದನ್ನು ಓಡಿಸಿದ್ದ.

ಒಂದು ವರ್ಷ ದೀಪಾವಳಿ ಕಳೆದ ಮೇಲೆ ಲಾರಿ ಒಮ್ಮೊಮ್ಮೆ ಸ್ಟಾರ್ಟ್ ಆಗದೆ ನಿಲ್ಲತೊಡಗಿತು. ಕೀ ತಿರುಗಿಸಿದರೆ ಟಕ್ಕೆಂದು ಒಂದು ಸದ್ದು, ಅಷ್ಟೆ. ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಎಂಜಿನ್ ಓಡುತ್ತಿತ್ತು. ಡ್ರೈವರ್ ಅದನ್ನು ಗ್ಯಾರೇಜಿಗೆ ತಂದ. ಮೇಸ್ತ್ರಿ ಹತ್ತು ಸಲ ಕೀ ತಿರುಗಿಸಿದ. ಹತ್ತು ಸಲವೂ ಸ್ಟಾರ್ಟ್ ಆಯಿತು.

"ಕೆಟ್ಟಾಗ ತಗೊಂಡು ಬಾರಪ್ಪ," ಎಂದ ಮೇಸ್ತ್ರಿ.

"ಕೆಟ್ಟ ಮೇಲೆ ಹೆಂಗಣ್ಣ ತರ್ಲಿ, ತಲೆ ಮೇಲೆ ಹೊತ್ಕೊಂಡಾ?" ಎಂದ ಡ್ರೈವರ್.

ಬ್ಯಾಟರಿ ಬದಲಾಯಿಸಿದರು. ಸೆಲ್ಫ್ ಮೋಟಾರ್ ಬದಲಾಯಿಸಿದರು. ದೋಷ ಹೋಗಲಿಲ್ಲ. ಅಂದಿನಿಂದ ಲಾರಿ ನಿಂತಾಗಲೆಲ್ಲ ಡ್ರೈವರ್ ಹಾಳೆಗಳಲ್ಲಿ ಬರೆದಿಟ್ಟ: ಯಾವ ದಿನ, ಯಾವ ಜಾಗ, ಎಷ್ಟು ಹೊತ್ತು, ಆಗ ತಾನು ಕಂಡದ್ದೇನು. ಮಾಲೀಕನಿಗೆ ಅವನ್ನು ಕೊಡಲು ಹೋದ. "ಗಾಡಿಯಲ್ಲೇ ಇಡು, ನೋಡೋಣ," ಎಂದು ಮಾಲೀಕ ಹೇಳಿದ. ನೋಡಲಿಲ್ಲ.

ಒಮ್ಮೆ ಟೊಮೇಟೊ ಲೋಡಿನೊಂದಿಗೆ ಹೊರಟಾಗ, ಹೆದ್ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದ ಲಾರಿ ಮತ್ತೆ ಸ್ಟಾರ್ಟ್ ಆಗಲಿಲ್ಲ. ಆ ದಿನದ ಮಾರುಕಟ್ಟೆ ತಪ್ಪಿಹೋಯಿತು. ಮಾಲೀಕ ಬಸ್ಸು ಹಿಡಿದು ಬಂದ, ತಾನೇ ಹತ್ತಿ ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

"ನನ್ನ ಕೈಗೆ ಬಗ್ಗೋದು ನಿನ್ನ ಕೈಗೆ ಯಾಕೆ ಬಗ್ಗಲ್ಲ? ನಿದ್ದೆ ಹೊಡೆದೆ ಅಂತ ಒಪ್ಕೋ."

"ಹದಿನೆಂಟು ವರ್ಷದಲ್ಲಿ ನಿಮಗೆ ಒಂದು ಸುಳ್ಳು ಹೇಳಿದೀನಾ, ಧಣಿ?"

ಮಾಲೀಕ ಅಂದೇ ಅವನನ್ನು ಕೆಲಸದಿಂದ ಬಿಡಿಸಿದ. ಮಾತು ಊರೆಲ್ಲ ಹಬ್ಬಿತು. ಲೋಡ್ ನಿಲ್ಲಿಸಿ ಮಲಗುವವನೆಂದು ಬೇರೆ ಯಾರೂ ಅವನಿಗೆ ಗಾಡಿ ಕೊಡಲಿಲ್ಲ. ಐವತ್ತೈದು ದಾಟಿದ ಆ ಮನುಷ್ಯ ತರಕಾರಿ ಮಂಡಿಯಲ್ಲಿ ಮೂಟೆ ಹೊರಲು ಹೋದ.

ಹೊಸ ಡ್ರೈವರ್ ಬಂದ. ನಲವತ್ತು ದಿನ ಲಾರಿ ಒಮ್ಮೆಯೂ ನಿಲ್ಲಲಿಲ್ಲ. "ಕೆಟ್ಟಿದ್ದು ಗಾಡಿ ಅಲ್ಲ, ಮನುಷ್ಯ," ಎಂದು ಮಾಲೀಕ ಹೇಳಿಕೊಂಡು ತಿರುಗಿದ. ನಲವತ್ತೊಂದನೆಯ ದಿನ ಅವನ ಮನೆಯ ಮುಂದೆಯೇ ಲಾರಿ ನಿಂತಿತು. ಅವನು ಇಪ್ಪತ್ತು ಸಲ ಕೀ ತಿರುಗಿಸಿದ. ಟಕ್ಕೆಂಬ ಸದ್ದಷ್ಟೇ ಬಂತು.

ಮೇಸ್ತ್ರಿ ಓಡಿ ಬಂದ. ಒಂದು ದಪ್ಪ ವೈರನ್ನು ಬ್ಯಾಟರಿಯ ಅರ್ತ್ ತುದಿಯಿಂದ ನೇರವಾಗಿ ಎಂಜಿನ್ನಿಗೆ ಹಿಡಿದು, ಕೀ ತಿರುಗಿಸಲು ಹೇಳಿದ. ಲಾರಿ ಸ್ಟಾರ್ಟ್ ಆಯಿತು. ಬ್ಯಾಟರಿಯ ಅರ್ತ್ ವೈರನ್ನು ಚಾಸಿಗೆ, ಅಂದರೆ ಲಾರಿಯ ಕಬ್ಬಿಣದ ಚೌಕಟ್ಟಿಗೆ, ಬಿಗಿದಿದ್ದ ಬೋಲ್ಟ್ ಬಿಚ್ಚಿದ. ವೈರಿನ ಕೆಳಗೆ ಬಣ್ಣವಿತ್ತು, ಬಣ್ಣದ ಅಂಚಿನಲ್ಲಿ ತುಕ್ಕಿತ್ತು. ಆ ವರ್ಷ ಆಯುಧಪೂಜೆಗೆ ಮಾಲೀಕ ಮುಂದೆ ನಿಂತು ಲಾರಿಗೆ ಬಣ್ಣ ಹೊಡೆಸಿದ್ದ. ಒಂದು ಬೆರಳಿನಷ್ಟು ಜಾಗವೂ ಬಿಡಬಾರದೆಂದಿದ್ದ. ಪೇಂಟರ್ ವೈರ್ ಬಿಚ್ಚಿ, ಅಲ್ಲಿಯೂ ಬಳಿದು, ಬಣ್ಣದ ಮೇಲೆಯೇ ಮತ್ತೆ ಬಿಗಿದಿದ್ದ. ಬಣ್ಣದ ಮೂಲಕ ಕರೆಂಟ್ ಹರಿಯದು. ಗಾಡಿ ಅಲುಗಿ ವೈರು ಕಬ್ಬಿಣಕ್ಕೆ ತಾಗಿದಾಗ ಸ್ಟಾರ್ಟ್ ಆಗುತ್ತಿತ್ತು, ತಾಗದಿದ್ದಾಗ ಇಲ್ಲ. ಮೇಸ್ತ್ರಿ ಉಪ್ಪುಕಾಗದದಿಂದ ಬಣ್ಣ ಉಜ್ಜಿ ತೆಗೆದು ವೈರ್ ಬಿಗಿದ. ಐದು ನಿಮಿಷದ ಕೆಲಸ.

ಕೈ ಒರೆಸಲು ಬಟ್ಟೆ ಹುಡುಕುವಾಗ ಕ್ಯಾಬಿನ್ನಿನಲ್ಲಿ ಅವನಿಗೆ ಹಾಳೆಗಳು ಸಿಕ್ಕವು. ಓದಿದ: "ಕೀ ತಿರುಗಿಸಿದಾಗ ಹೆಡ್‌ಲೈಟ್ ಪೂರ್ತಿ ಮಂಕು. ಬ್ಯಾಟರಿ ಹೊಸದು. ಅರ್ತ್ ವೈರ್ ಅಲ್ಲಾಡಿಸಿದರೆ ಕೆಲವು ಸಲ ಆಗುತ್ತದೆ." ಹನ್ನೊಂದು ಕಡೆ ಅದೇ ಮಾತಿತ್ತು.

"ಇದನ್ನ ಮೊದಲೇ ನಂಗೆ ತೋರಿಸಬಾರದಿತ್ತಾ, ಸಾರ್?" ಎಂದ.

ಮಾಲೀಕ ಅಂದೇ ಮಂಡಿಗೆ ಹೋದ. "ತಪ್ಪಾಯ್ತು ಕಣಯ್ಯ. ದೋಷ ವೈರಲ್ಲಿತ್ತು. ಬಂದುಬಿಡು," ಎಂದ.

ಡ್ರೈವರ್ ಮೂಟೆ ಇಳಿಸಿ ನಿಂತ. "ನಾನು ಹೇಳಿದಾಗ ನಂಬಲಿಲ್ಲ. ವೈರು ಹೇಳಿದ ಮೇಲೆ ನಂಬಿದ್ರಿ. ಅದನ್ನೇ ಸೀಟ್ ಮೇಲೆ ಕೂರಿಸ್ಕೊಂಡು ಓಡಿಸಿ, ಧಣಿ," ಎಂದು ಇನ್ನೊಂದು ಮೂಟೆಗೆ ಬೆನ್ನು ಕೊಟ್ಟ.

ಮಾಲೀಕ ಮತ್ತೆ ನಾಲ್ಕು ಸಲ ಹೋದ. ನಾಲ್ಕನೆಯ ಸಲ ಡ್ರೈವರ್ ಅಲ್ಲಿರಲಿಲ್ಲ. ಎಲ್ಲಿ ಹೋದನೆಂದು ಯಾರೂ ಹೇಳಲಿಲ್ಲ. ಲಾರಿ ಮಾತ್ರ ಆಮೇಲೆ ಒಂದು ದಿನವೂ ನಿಲ್ಲಲಿಲ್ಲ.

ಶಿಷ್ಯ ತಲೆದೂಗಿದ. "ತಿಳಿಯಿತು, ಗುರುಗಳೇ. ನಾಡಿದ್ದು ಊರಿಗೆ ಹೋದ ಕೂಡಲೇ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ," ಎಂದ.

ಗುರುಗಳು ಕೇಳಿದರು: "ಈಗ ಆಕೆಯ ಬಳಿ ಯಾರಿದ್ದಾರೆ?"