ನಾಲ್ಕನೆಯ ಹಾಡಿನಲ್ಲಿ ನಿಂತವನು

ಮಲಪ್ರಭೆಯ ದಂಡೆಯಲ್ಲಿ, ಅಜ್ಜಾರು ಎಂದೇ ಹೆಸರಾದ ಗುರು ಅಡವಯ್ಯನವರ ಆಶ್ರಮ. ಒಂದು ಹಂಚಿನ ಮನೆ, ಮುಂದೊಂದು ಕಲ್ಲಿನ ಕಟ್ಟೆ, ಅಷ್ಟೆ. ಅಲ್ಲಿ ಭಜನೆಯ ಪದ ಕಲಿತವರು ಬಹಳ ಮಂದಿ. ಅವರಲ್ಲಿ ಪುಂಡಲೀಕನೊಬ್ಬ ಹುಬ್ಬಳ್ಳಿಗೆ ಹೋಗಿ, ಕಿವಿಗಡಚಿಕ್ಕುವ ಮೆಟಲ್ ಸಂಗೀತದ ಬ್ಯಾಂಡ್ ಕಟ್ಟಿದ. ಗುರುಗಳು ತಿದ್ದಿದ ಕಂಠದಲ್ಲೇ ಅಲ್ಲಿ ಅಬ್ಬರಿಸುತ್ತಿದ್ದ.

ಆ ದಿನ ಅವನು ಆಶ್ರಮಕ್ಕೆ ಬಂದಾಗ ಸಂಜೆ ಐದು ಗಂಟೆ.

“ಅಜ್ಜಾರ, ನಮ್ಮ ಮೊದಲ್ನೇ ಆಲ್ಬಂ ಇವತ್ತ ಸಂಜಿ ಆರಕ್ಕ ಬಿಡುಗಡೆ ಆಗ್ತೈತ್ರಿ. ಎರಡು ವರ್ಷದ ದುಡಿಮಿ. ಆಶೀರ್ವಾದ ಮಾಡ್ರಿ.”

“ಕೇಳಲಾರದ ಹೆಂಗ ಮಾಡ್ಲಿ? ಹಚ್ಚು.”

ಪುಂಡಲೀಕ ಫೋನನ್ನು ಕಟ್ಟೆಯ ಮೇಲಿಟ್ಟು ಹಾಡು ಹಚ್ಚಿದ. ಮರದಲ್ಲಿದ್ದ ಕಾಗೆಗಳೆಲ್ಲ ಎದ್ದು ಹೋದವು. ಗುರುಗಳು ಮಾತ್ರ ಅಲುಗಾಡಲಿಲ್ಲ.

“ಹಲ್ಲುಬ್ಯಾನಿ ಬಂದ ಹುಲಿ ಒದರಿದಂಗ ಐತಿ,” ಎಂದರು. “ಆದ್ರ ಸುಳ್ಳ ಒದರಿಲ್ಲ ನೀ. ಮುಂದ ಹಚ್ಚು.”

ಪುಂಡಲೀಕನಿಗೆ ಖುಷಿಯಾಯಿತು.

ಗುರುಗಳು ಬೆರಳಿನಿಂದ ಕಲ್ಲಿನ ಮೇಲೆ ತಾಳ ಹಾಕುತ್ತಿದ್ದರು. ನಾಲ್ಕನೆಯ ಹಾಡಿನ ನಡುವೆ ಬಡಿತ ಒಂದು ಗಳಿಗೆ ನಿಂತು, ಬೆರಳು ತಪ್ಪಿತು.

“ಅದನ್ನ ಮತ್ತ ಹಚ್ಚು.”

ಹಚ್ಚಿದ. ಅದೇ ಜಾಗದಲ್ಲಿ ಬೆರಳು ಮತ್ತೆ ತಪ್ಪಿತು.

“ಇಲ್ಲೆ ಒಬ್ಬಾಂವ ನಿಂತಾನ. ಯಾರಂವ?”

“ಯಾರೂ ಇಲ್ರಿ. ಡ್ರಮ್ಸ್ ಕಂಪ್ಯೂಟರಿಂದು.”

“ಕಂಪ್ಯೂಟರ್ ಯಾಕ ನಿಲ್ತೈತಿ?”

ದಾವಲನ ಹೆಸರು ಎತ್ತಬಾರದು ಎಂದುಕೊಂಡೇ ಪುಂಡಲೀಕ ಬಂದಿದ್ದ. ಈಗ ಎತ್ತಲೇಬೇಕಾಯಿತು.

ದಾವಲ ಬ್ಯಾಂಡಿನ ಡ್ರಮ್ಮರ್. ಅವನ ಬಡಿತ, ಪುಂಡಲೀಕನ ಹಾಡು ಒಟ್ಟಿಗೇ ರೆಕಾರ್ಡ್ ಆಗಿದ್ದವು. ಗಿಟಾರುಗಳು ಆಮೇಲೆ ಅವುಗಳ ಮೇಲೆ ಕೂತವು. ಕೊನೆಗೆ ಎಲ್ಲ ಕೂಡಿಸುವಾಗ, “ನನ್ನ ಬಡಿತ ಕೇಳಸವಲ್ದು” ಎಂದು ದಾವಲ ತಕರಾರು ತೆಗೆದ. ಮಾತಿಗೆ ಮಾತು ಬೆಳೆಯಿತು.

“ಹಂಗಾದ್ರ ಪೂರಾ ಕೇಳಸದಂಗ ಮಾಡ್ತೀನಿ,” ಎಂದ ಪುಂಡಲೀಕ. ಅಂದಂತೆ ಮಾಡಿಯೂ ಬಿಟ್ಟ. ಬಡಿತ ತೆಗೆಸಿದ, ಹೆಸರನ್ನೂ ತೆಗೆಸಿದ. ಆದರೆ ಹಾಡೆಲ್ಲ ದಾವಲನ ನಡೆಯಲ್ಲೇ ನಡೆದಿತ್ತು. ಕಂಪ್ಯೂಟರಿಗೂ ಅದೇ ನಡೆಯನ್ನು ಹೇಳಿಕೊಡಬೇಕಾಯಿತು.

“ಅಂವ ಅಲ್ಲೆ ಯಾಕ ನಿಂತಿದ್ದ?” ಗುರುಗಳು ಕೇಳಿದರು.

“ಗೊತ್ತಿಲ್ರಿ.”

ಗುರುಗಳು ಬೈಯಲಿಲ್ಲ. ಒಳಗೆ ಹೋಗಿ ಗೂಟಕ್ಕೆ ತೂಗುಹಾಕಿದ್ದ ತಾಳ ತಂದು ಕೂತರು.

“ಹಳೇ ಪದ ಹಾಡು.”

“ಅಜ್ಜಾರ, ಐದೂವರಿ ಆಗಾಕ ಬಂತ್ರಿ...”

“ಹಾಡು.”

ಹಾಡಿದ. ಅವನಿಗೆ ಚಿಕ್ಕಂದಿನಿಂದ ಉಬ್ಬಸ. ಮೂರನೆಯ ನುಡಿಯ ಉದ್ದನೆಯ ಸಾಲಿನಲ್ಲಿ ಉಸಿರು ಸಾಲದೆ ಬಂತು. ತಾಳ ನಿಲ್ಲಲಿಲ್ಲ. ಅದರ ಬೆನ್ನು ಹತ್ತಿ ಓಡಿದ, ಕೆಮ್ಮಿದ, ಕಣ್ಣಲ್ಲಿ ನೀರು ಬಂತು. ಹಾಡು ಅಲ್ಲಿಗೇ ಮುರಿಯಿತು.

“ಮೊದಲೆಲ್ಲಾ ಇಲ್ಲೆ ನೀವು ನಿಲ್ತಿದ್ರಿ!” ಎಂದ. ದನಿಯಲ್ಲಿ ಸಿಟ್ಟಿತ್ತು.

“ಹೌದು, ಹನ್ನೊಂದು ವರ್ಷ ನಿಂತೆ. ಒಂದಿನಾನೂ ನೀ ಅದನ್ನ ಅಂದಿದ್ದಿಲ್ಲ.”

ಪುಂಡಲೀಕ ತಲೆ ತಗ್ಗಿಸಿದ. ನಾಲ್ಕನೆಯ ಹಾಡಿನ ದಿನ ಅವನಿಗೆ ಚೆನ್ನಾಗಿಯೇ ನೆನಪಿತ್ತು. ಉಸಿರು ಕಟ್ಟಿ ಅವನು ಎದೆ ಹಿಡಿದುಕೊಂಡಿದ್ದ. ಸ್ಟುಡಿಯೋದ ಗಾಜಿನ ಆಚೆ ದಾವಲ ಎರಡೂ ಕೋಲು ಮೇಲೆತ್ತಿ, ಅವನನ್ನೇ ನೋಡುತ್ತ ಕೂತಿದ್ದ. ಉಸಿರು ಬಂದ ಮೇಲೇ ಕೋಲು ಕೆಳಗಿಳಿದವು. ಆಲ್ಬಮ್ಮಿನಲ್ಲಿ ಎಲ್ಲಕ್ಕಿಂತ ಚೆಂದದ ಜಾಗ ಅದೇ ಎಂದು ಅಲ್ಲಿ ಕೇಳಿದವರೆಲ್ಲ ಹೊಗಳಿದ್ದರು. ಆ ಹೊಗಳಿಕೆಯನ್ನು ಅವನೊಬ್ಬನೇ ಜೇಬಿಗೆ ಹಾಕಿಕೊಂಡಿದ್ದ.

“ನನಗಾಗಿ ನಿಂತಿದ್ದ್ರಿ ಅಂವ,” ಎಂದ ಮೆಲ್ಲಗೆ.

ಫೋನು ಬಡಿದುಕೊಂಡಿತು. ಆಲ್ಬಂ ಹೊರತರುವ ಕಂಪನಿಯವರು.

“ಹತ್ತು ನಿಮಿಷ ಉಳದೈತಿ. ಬಿಡೋಣಲ್ಲ?”

ಪುಂಡಲೀಕ ಗುರುಗಳ ಮುಖ ನೋಡಿದ. ಗುರುಗಳು ಹೊಳೆ ನೋಡುತ್ತಿದ್ದರು.

“ತಡೀರಿ,” ಎಂದ. “ದಾವಲನ ಬಡಿತ ವಾಪಸ್ ಹಾಕಬೇಕು. ಅವನ ಹೆಸರೂ ಹಾಕಬೇಕು.”

“ತಲಿ ಕೆಟ್ಟೈತೇನು? ಈಗ ತಡದ್ರ ನಮ್ಮ ಕಡಿಂದ ನಿಮ್ಮ ಆಲ್ಬಂ ಎಂದೂ ಬರೂದಿಲ್ಲ, ನೋಡ್ರಿ.”

“ಬರದಿದ್ರ ಬ್ಯಾಡ್ರಿ.”

ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆದರೂ ದಾವಲನಿಗೆ ಫೋನು ಹಚ್ಚಿದ. ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು. ಮತ್ತೆ ಹಚ್ಚಿದ. ಮತ್ತೂ ಹಚ್ಚಿದ. ಆರು ಗಂಟೆ ದಾಟಿತು. ಹೋಗಿದ್ದ ಕಾಗೆಗಳು ಮರಕ್ಕೆ ತಿರುಗಿ ಬಂದವು.

“ಎತ್ತವಲ್ಲ, ಅಜ್ಜಾರ. ಎಷ್ಟೊತ್ತಂತ ಕಾಯ್ಲಿ?”

ಗುರುಗಳು ತಾಳವನ್ನು ಎತ್ತಿಕೊಂಡು ಒಳಗೆ ಹೊರಟವರು ಬಾಗಿಲಲ್ಲಿ ನಿಂತರು.

“ನಾಲ್ಕನೇ ಹಾಡಿನಾಗ ಅಂವ ನಿನ್ನ ಹಿಂಗ ಕೇಳಿದ್ನೇನು?”