ದ್ಯಾಮವ್ವನ ಹಲಗೆ

ಹೊಳೆದಂಡೆಯ ಆ ಆಶ್ರಮದಲ್ಲಿ ಹೆಣ್ಣುಮಕ್ಕಳಿಗಷ್ಟೇ ಮದ್ದು. ಕೊಡುವಾಕೆ ಗುರುಶಾಂತವ್ವ. ಎಪ್ಪತ್ತು ದಾಟಿದ್ದರೂ ಆಕೆಯ ಕೈ ನಡುಗಿದ್ದನ್ನು ಕಂಡವರಿಲ್ಲ.

ಅಲ್ಲಿ ಒಂದು ರೂಢಿ. ಬಂದವರ ಕೋಣೆಯ ಬಾಗಿಲಿಗೆ ಹಲಗೆ ತೂಗುಹಾಕಿ, ಕಾಯಿಲೆ ಏನೆಂದು ಸೀಮೆಸುಣ್ಣದಲ್ಲಿ ಬರೆಯಬೇಕು. ಆ ಕೆಲಸ ಶಿಷ್ಯೆ ನೀಲಗಂಗಾಳದು. ಆರು ವರ್ಷ ಕಲಿತವಳು, ನೋಡಿದ ಕೂಡಲೇ ಬರೆದುಬಿಡುವವಳು. ತುಸು ಜಂಬವೂ ಇತ್ತೆನ್ನಿ.

ಒಂದು ಬೆಳಿಗ್ಗೆ ದ್ಯಾಮವ್ವ ಬಂದಳು. ನೂಲಿಗೆ ಬಣ್ಣ ಹಾಕುವವರ ಮನೆಯ ಸೊಸೆ. ಕೂಡು ಎಂದರೂ ಕೂಡಲಿಲ್ಲ, ಗೋಡೆಗೆ ಆತು ನಿಂತಳು.

"ಮೂರು ವರ್ಷ ಆತ್ರಿ. ಕೆಳಗ ಬೆಂಕಿ ಬಿದ್ದಂಗ ಉರೀತೈತಿ. ಕೂಡಾಕ ಆಗೂದಿಲ್ಲ. ಗಂಡನ ಹತ್ರ ಮಲಗೂದಂತೂ ದೂರ ಉಳೀತು. ಪಾಪ, ಒಂದು ಮಾತು ಅಂದಿಲ್ಲ ಅಂವ, ಹೊರಗ ಕಟ್ಟಿ ಮ್ಯಾಲ ಮಲಗ್ತಾನ. ನೀ ಇನ್ನೊಂದು ಲಗ್ನ ಆಗು ಅಂತ ಹೇಳಿ ಬಂದೀನಿ. ನಾ ಇಲ್ಲೇ ಕಸಾ ಹೊಡಕೊಂಡು ಇರ್ತೀನ್ರಿ."

"ಅದಕ್ಕ ಅಂವ ಏನಂದ?" ಗುರುಶಾಂತವ್ವ ಕೇಳಿದಳು.

"ಯುಗಾದಿಗೆ ಕರಿಯಾಕ ಬರ್ತೀನಿ ಅಂದ." ಅಷ್ಟು ಹೇಳಿ ದ್ಯಾಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನೀಲಗಂಗಾ ಒಳಗೆ ಕರೆದೊಯ್ದು ಪರೀಕ್ಷಿಸಿದಳು. ಗಾಯವಿಲ್ಲ, ಬಾವಿಲ್ಲ, ಕೀವಿಲ್ಲ. ಹಲಗೆಯ ಮೇಲೆ ಬರೆದಳು: ಏನೂ ಇಲ್ಲ.

"ಅವ್ವಾರ, ಎಲ್ಲಾ ಮನಸಿನಾಗಿಂದು. ಒಂದು ಜಪ ಹೇಳಿಕೊಟ್ರ ಸಾಕು" ಎಂದಳು.

ಗುರುಶಾಂತವ್ವ ಎದ್ದು ದ್ಯಾಮವ್ವನ ಕೋಣೆಗೆ ನಡೆದಳು. ಬಾಗಿಲಲ್ಲಿ ಹಲಗೆ ಬರಹ ಕಾಣದಂತೆ ಹಿಂದುಮುಂದಾಗಿ ತೂಗುತ್ತಿತ್ತು.

"ಯಾರು ತಿರುವಿದ್ರು?"

"ನಾನ್ರೀ. ಏಳು ಮಂದಿ ವೈದ್ಯರು ಇದನ್ನ ಹೇಳ್ಯಾರ. ಏನೂ ಇಲ್ಲ ಅಂತಾರ, ಮತ್ತ ಒಂದೊಂದು ಲೇಪ ಕೊಟ್ಟು ಕಳಸ್ತಾರ."

ಗುರುಶಾಂತವ್ವ ಹತ್ತಿಯನ್ನು ತನ್ನ ತೊಡೆಯ ಮೇಲೆ ಹೊಸೆದು ಒಂದು ಬತ್ತಿ ಮಾಡಿದಳು.

"ಇದರಿಂದ ಮುಟ್ಟಲೇನು, ತಂಗಿ? ಬ್ಯಾಡ ಅಂದ ಕೂಡ್ಲೇ ಕೈ ತಗೀತೀನಿ."

ಮೂರು ವರ್ಷದಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ. ದ್ಯಾಮವ್ವ ಹೂಂ ಎಂದು ಚಾಪೆಯ ಮೇಲೆ ಮಲಗಿದಳು.

ಬತ್ತಿ ತೊಡೆ ಸೋಕಿತು. "ನೋವೇನು?" "ಇಲ್ರಿ." ಇನ್ನಷ್ಟು ಒಳಗೆ. "ಇಲ್ರಿ." ಯೋನಿದ್ವಾರದ ಅಂಚಿಗೆ ಸೋಕಿತೋ ಇಲ್ಲವೋ, "ಯವ್ವಾ!" ಎಂದು ಚೀರಿದಳು. ಬತ್ತಿ ಆಗಲೇ ದೂರ ಸರಿದಿತ್ತು.

ಹತ್ತಿ ಮುಟ್ಟಿದರೆ ಹೀಗೆ ನೋಯುವುದುಂಟೇ? ಹಿಂದೆಯೇ ಬಂದಿದ್ದ ನೀಲಗಂಗಾ ಬೆರಗಾಗಿ ನಿಂತಳು.

"ಮುಟ್ಟಿನ ಬಟ್ಟಿ ಯಾವ ನೀರಾಗ ಒಗೀತಿ?" ಗುರುಶಾಂತವ್ವ ಕೇಳಿದಳು.

"ಜಿಡ್ಡು ಹೋಗ್ಲಿ ಅಂತ ಸೌಳುಮಣ್ಣು ಹಾಕಿ ನೂಲು ಕುದಿಸಿದ ನೀರಾಗ್ರಿ. ನಮ್ಮ ಓಣ್ಯಾಗ ಎಲ್ಲಾರೂ ಹಂಗ. ಭಾಳ ಬೆಳ್ಳಗ ಆಗ್ತಾವು."

"ಎಲ್ಲಾರ ಚರ್ಮ ತಡೀತೈತಿ, ನಿಂದು ತಡೀಲಿಲ್ಲ. ಅಂಥದೊಂದು ಬಟ್ಟಿ ಕೊಡು."

ಆ ಬಟ್ಟೆಯನ್ನು ನೀರಲ್ಲಿ ಅದ್ದಿ ನೀಲಗಂಗಾಳ ಅಂಗೈಯಲ್ಲಿಟ್ಟಳು.

"ಮುಷ್ಟಿ ಬಿಗೀ ಹಿಡಿ. ನಾ ಹೇಳೂತನಕ ಬಿಡಬ್ಯಾಡ."

ಮಧ್ಯಾಹ್ನಕ್ಕೆ ಅಂಗೈ ತುರಿಸಿತು, ಆಮೇಲೆ ಉರಿಯಿತು. ಹೊತ್ತು ಇಳಿಯುವಾಗ ನೀಲಗಂಗಾಳ ಕಣ್ಣಲ್ಲಿ ನೀರು. ಗುರುಶಾಂತವ್ವ ಬಟ್ಟೆ ತೆಗೆದು, ಕೈ ತೊಳೆದು, ಮಲಗು ಹೋಗು ಎಂದಳು.

ಮುಂಜಾನೆ ಅಂಗೈ ಮೇಲೆ ಗುರುತೂ ಇರಲಿಲ್ಲ. ಆದರೆ ಗುರು ಬೆರಳು ಬಿಡಿಸಲು ಬಂದರೆ ಬೆರಳು ತಾವಾಗಿ ಮುದುಡಿದವು. ಬಿಡಿಸಿದರೆ ಮೊಣಕೈವರೆಗೆ ನೋವು.

"ಗಾಯ ಐತೇನು?"

"ಇಲ್ರಿ."

"ನೋವು?"

"ಐತ್ರಿ."

"ಹಂಗಾರ ಮನಸಿನಾಗಿಂದು. ಜಪ ಹೇಳಿಕೊಡ್ಲೇನು?"

ನೀಲಗಂಗಾ ನಾಚಿ ತಲೆ ತಗ್ಗಿಸಿದಳು.

"ಬಟ್ಟಿ ತಗದೀವಿ. ಮತ್ಯಾಕ ಮುದುಡ್ತಾವು ಬೆರಳು?"

"ಮತ್ತ ನೋಯ್ತೈತಿ ಅನ್ನೂ ಅಂಜಿಕಿಗೆ, ಅವ್ವಾರ."

"ನಿಂದು ಒಂದು ದಿನದ್ದು. ಆಕೀದು ಮೂರು ವರ್ಷದ್ದು."

ಅಂದಿನಿಂದ ಸೌಳಿನ ನೀರು ಬಂದ್. ಏಳೂ ಲೇಪ ಗುಂಡಿಗೆ ಬಿದ್ದವು. ಬರೀ ತಿಳಿನೀರು, ಮೆತ್ತನೆ ಬಟ್ಟೆ. ದಿನಾ ಬೆಳಿಗ್ಗೆ ಗುರುಶಾಂತವ್ವ ಹೊಳೆದಂಡೆಯಲ್ಲಿ ದ್ಯಾಮವ್ವನನ್ನು ಮಲಗಿಸಿ, ಉಸಿರು ಬಿಡುತ್ತಾ ಕೆಳಗಿನ ಸ್ನಾಯುಗಳ ಬಿಗಿ ಸಡಿಲಿಸುವುದನ್ನು ಕಲಿಸಿದಳು.

ಕೆಲವು ದಿನ ನೋವು ಹೆಚ್ಚಾಯಿತು. "ನನ್ನ ಕೈಲಾಗೂದಿಲ್ಲ" ಎಂದು ದ್ಯಾಮವ್ವ ಅತ್ತಳು. ಗುರುಶಾಂತವ್ವ ಬೈಯಲಿಲ್ಲ, ಅವಸರ ಮಾಡಲಿಲ್ಲ, ಮರುದಿನ ಮತ್ತೆ ದಂಡೆಗೆ ಬಂದಳು. ಅಬ್ಬಾ, ಅದೆಂಥ ತಾಳ್ಮೆ! ಆರು ವರ್ಷ ಇದರ ಪಕ್ಕದಲ್ಲೇ ಇದ್ದು ಏನು ನೋಡಿದೆ ನಾನು, ಎಂದುಕೊಂಡಳು ನೀಲಗಂಗಾ.

ಯುಗಾದಿಗೆ ಗಂಡ ಗಾಡಿ ಕಟ್ಟಿಕೊಂಡು ಬಂದ. ದ್ಯಾಮವ್ವ ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬೇವಿನ ಹೂ ಬಿಡಿಸುತ್ತಿದ್ದಳು. ಕೂತಿದ್ದಳು! ಅವನು ಬಾಗಿಲಲ್ಲೇ ನಿಂತುಬಿಟ್ಟ.

"ಪೂರಾ ಹೋಗಿಲ್ಲ ಇನ್ನೂ" ಎಂದಳು ಆಕೆ.

"ಇರ್ಲಿ ತಗೋ. ಗಾಡಿ ಸಾವಕಾಶ ಹೊಡೀತೀನಿ" ಎಂದ.

ಗಾಡಿ ಮರೆಯಾಗುವವರೆಗೂ ನೀಲಗಂಗಾ ನೋಡುತ್ತ ನಿಂತಳು. ಆಮೇಲೆ ಆ ಹಲಗೆಯನ್ನು ತೆಗೆದು, ಬರೆದದ್ದನ್ನು ಚೆನ್ನಾಗಿ ಒರೆಸಿದಳು.

ಅಷ್ಟರಲ್ಲಿ ಇನ್ನೊಬ್ಬಾಕೆ ಕಿಬ್ಬೊಟ್ಟೆ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕುಸಿದಳು. ನೀಲಗಂಗಾ ಸೀಮೆಸುಣ್ಣ ಎತ್ತಿಕೊಂಡಳು. ಈ ಸಲ ಕೈ ತಡೆಯಿತು.

"ಅವ್ವಾರ, ಏನಂತ ಬರೀಲಿ?"

ಗುರುಶಾಂತವ್ವ ಬತ್ತಿ ಹೊಸೆಯುತ್ತಲೇ ಹೇಳಿದಳು: "ನನ್ನ್ಯಾಕ ಕೇಳ್ತಿ? ನೋಯಾಕತ್ತಿದ್ದು ನನಗಲ್ಲ."