ಮಾಳವ್ವನ ಮನೆಯ ಒಳ್ಳೆ ಮಾತು

"ಅವ್ವ ಎಲ್ಲೋ?"

ಬೋರಣ್ಣ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಕೇಳಿದ. ಅವನು ಮಾಳವ್ವನ ತಮ್ಮ. ತಿಪ್ಪನಿಗೆ ಸೋದರಮಾವ.

"ಸತ್ತಳು ಮಾವ," ಅಂದ ತಿಪ್ಪ.

ಬೋರಣ್ಣನ ಕೈಯಲ್ಲಿದ್ದ ಬಾಳೆಹಣ್ಣು ಕೆಳಗೆ ಬಿತ್ತು.

"ಯಾವಾಗ?"

"ಬೆಳಿಗ್ಗೆ. ರಾಗಿ ಬೀಸ್ತಾ ಬೀಸ್ತಾ ಸತ್ತಳು. ಆಮೇಲೆ ನೀರು ಹೊತ್ತು ತಂದು ಇನ್ನೊಂದು ಸಲ ಸತ್ತಳು."

ಇನ್ನೊಂದು ಸಲ ಸತ್ತದ್ದು ಬೋರಣ್ಣನ ಕಿವಿಗೆ ಬೀಳಲಿಲ್ಲ. ಅವನು ಆಗಲೇ ಎದೆ ಬಡಿದುಕೊಳ್ಳುತ್ತಿದ್ದ. "ಅಯ್ಯೋ ನಮ್ಮಕ್ಕಾ! ಹೇಳದೆ ಹೋದೆಯಲ್ಲಕ್ಕಾ!" ಕೇರಿ ಸೇರಿತು. ಪಕ್ಕದ ಮನೆ ಪಾಲಕ್ಕ ಸೆರಗು ಬಾಯಿಗಿಟ್ಟು ಅತ್ತಳು. ಯಾರೋ ಚಟ್ಟಕ್ಕೆ ಬಿದಿರು ಕಡಿಯಲು ಹೊರಟರು.

ಹಿತ್ತಲಿಂದ ಮಾಳವ್ವ ಬಂದಳು. ಎರಡು ಕೈಯಲ್ಲೂ ಸಗಣಿ.

"ಯಾರು ಹೋದರು?" ಅಂದಳು.

ಪಾಲಕ್ಕ ಸೆರಗು ತೆಗೆದಳು. ಬಿದಿರಿಗೆ ಹೊರಟವರು ವಾಪಸು ಬಂದರು.

"ಏನೋ ಇದು!" ಬೋರಣ್ಣ ಅಳಿಯನ ತಲೆಗೆ ಒಂದು ಕುಟ್ಟಿದ.

"ಅವಳೇ ಹೇಳಿದಳು ಮಾವ. ಸತ್ತೆ ಕಣೋ ಮಗಾ ಅಂದಳು. ದಿನಾ ಅಂತಾಳೆ."

ಬೋರಣ್ಣ ಅಕ್ಕನ ಕಡೆ ತಿರುಗಿದ.

"ಅವನದೇನು ತಪ್ಪು ಬಿಡು. ಬಾಯಿ ಬಿಟ್ಟರೆ ಸತ್ತೆ, ಸಾಕು, ಇಲ್ಲ, ಆಗಲ್ಲ. ಇನ್ನೇನಾದರೂ ಮಾತು ಬರುತ್ತಾ ನಿನಗೆ? ಮಾತು ಒಳ್ಳೆಯದಾದರೆ ಮನಸ್ಸು ಒಳ್ಳೆಯದಾಗುತ್ತೆ. ಮನಸ್ಸು ಒಳ್ಳೆಯದಾದರೆ ಮನೆ ಒಳ್ಳೆಯದಾಗುತ್ತೆ. ಮೊನ್ನೆ ಪ್ರವಚನದಲ್ಲಿ ಹೇಳಿದರು."

"ಪ್ರವಚನ ಹೇಳಿದವರ ಮನೇಲಿ ರಾಗಿ ಯಾರು ಬೀಸ್ತಾರೆ?"

"ನೋಡು! ಮತ್ತೆ ಶುರು!"

ಅವನು ಬಂದದ್ದು ತಿಪ್ಪನಿಗೆ ಒಂದು ಸಂಬಂಧದ ಸುದ್ದಿ ಹಿಡಿದು. ಕಾಟಪ್ಪ ಅಂತ ಒಬ್ಬ. ಮಗಳು ಸೂರಮ್ಮ. ಗಟ್ಟಿ ಹುಡುಗಿ, ಗಟ್ಟಿ ಗಂಟಲು. ಹುಣ್ಣಿಮೆ ದಿನ ಗಂಡಿನ ಮನೆ ನೋಡಲು ಬರುತ್ತಾರೆ. ಕಾಟಪ್ಪನ ತಾಯಿಯೂ ಬರುತ್ತಾಳೆ. ಆ ಅಜ್ಜಿ ಬಲು ಶಕುನದವಳು. ಒಂದು ಕೆಟ್ಟ ಮಾತು ಕಿವಿಗೆ ಬಿದ್ದರೆ ಎಲೆ ಮುಂದಿನಿಂದ ಎದ್ದು ಹೋಗುತ್ತಾಳೆ.

ಮಾಳವ್ವನಿಗೆ ಮೊಮ್ಮಕ್ಕಳ ಆಸೆ ಇರಲಿಲ್ಲ. ಮದುವೆ ಮೆರವಣಿಗೆಯ ಆಸೆಯೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ನಿದ್ದೆ. ತಿಪ್ಪ ಹುಟ್ಟಿದಾಗಿನಿಂದ ಅವಳು ಎರಡೂ ಕಣ್ಣು ಒಟ್ಟಿಗೆ ಮುಚ್ಚಿರಲಿಲ್ಲ. ಸೊಸೆ ಬಂದರೆ ಒಂದು ದಿನ ಅವಳು ತಿಪ್ಪನನ್ನು ಬಯ್ಯುತ್ತಾಳೆ, ಒಂದು ದಿನ ತಾನು ಬಯ್ಯಬಹುದು. ಬಯ್ಯುವ ಸರದಿ ಇಲ್ಲದ ದಿನ ಮಲಗಬಹುದು.

"ಸರಿ ಕಣೋ ಬೋರಾ. ಇವತ್ತಿಂದ ಒಳ್ಳೆ ಮಾತೇ," ಅಂದಳು.

ಮಗನನ್ನು ಕೂರಿಸಿಕೊಂಡು ಹೇಳಿದಳು. "ಕೇಳು ಮಗಾ. ಸತ್ತೆ ಗಿತ್ತೆ ಬೇಡ. ಯಾರು ಏನೇ ಕೇಳಲಿ, ಚೆನ್ನಾಗಿದೆ ಅನ್ನು. ನಗ್ತಾ ಅನ್ನು."

"ಚೆನ್ನಾಗಿದೆ," ಅಂದ ತಿಪ್ಪ. ನಕ್ಕ.

ಮಾರನೆಯ ದಿನ ಮಾಳವ್ವ ಹೊಳೆಗೆ ಬಟ್ಟೆ ಒಗೆಯಲು ಹೋದಳು. ತಿಪ್ಪ ಹಿತ್ತಲ ಬೇಲಿಯ ಹತ್ತಿರ ಕೂತ. ಪಾಲಕ್ಕ ಓಡುತ್ತ ಬಂದಳು.

"ತಿಪ್ಪಾ, ನಮ್ಮೆಮ್ಮೆ ಹಗ್ಗ ಬಿಚ್ಚಿಕೊಂಡಿದೆ. ಕಂಡೆಯೇನೋ?"

"ಚೆನ್ನಾಗಿದೆ ಪಾಲಕ್ಕ."

"ಎಲ್ಲಿದೆಯೋ?"

"ಚೆನ್ನಾಗಿದೆ!"

"ಕೆರೆ ಕಡೆ ಹೋಯ್ತಾ, ಊರ ಕಡೆ ಹೋಯ್ತಾ?"

"ಬಲು ಚೆನ್ನಾಗಿದೆ!"

ಪಾಲಕ್ಕ ಕೆರೆ ಕಡೆ ಓಡಿದಳು. ಎಮ್ಮೆ ತಿಪ್ಪನ ಬೆನ್ನ ಹಿಂದೆ ಇತ್ತು. ಮಾಳವ್ವ ಬರುವ ಹೊತ್ತಿಗೆ ಹರಿವೆ ಮುಗಿಸಿ, ಬದನೆ ಮುಗಿಸಿ, ಮೆಂತ್ಯದ ಪಾತಿಯಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು.

"ಅಯ್ಯೋ ನಿನ್ನ! ಕಣ್ಣಿರಲಿಲ್ಲವೇನೋ?"

"ಇತ್ತವ್ವ. ಚೆನ್ನಾಗಿ ಮೇಯ್ತಾ ಇತ್ತು."

"ಓಡಿಸೋಕೇನಾಗಿತ್ತು?"

"ಚೆನ್ನಾಗಿದೆ ಅನ್ನು ಅಂದೆ. ಓಡಿಸು ಅನ್ನಲಿಲ್ಲ."

ಸತ್ತೆ ಅನ್ನಲು ಮಾಳವ್ವ ಬಾಯಿ ತೆರೆದಳು. ಮುಚ್ಚಿದಳು. ಒದ್ದೆ ಬಟ್ಟೆಯ ಗಂಟಿನ ಮೇಲೆಯೇ ಕೂತಳು.

"ಕೇಳೋ ಮಂಕೇ. ಕೆಟ್ಟದ್ದು ಕಂಡರೆ ಹಲ್ಲು ಬಿಟ್ಟುಕೊಂಡು ಕೂರಬಾರದು. ಎಂಥ ಕೆಟ್ಟದ್ದರಲ್ಲೂ ಒಂದು ಒಳ್ಳೆಯದು ಇರುತ್ತೆ. ಅದನ್ನ ಹುಡುಕಬೇಕು. ಹುಡುಕಿ ತಗೋಬೇಕು. ತಿಳಿಯಿತಾ?"

"ಹುಡುಕಿ ತಗೋಬೇಕು," ಅಂದ ತಿಪ್ಪ.

ಆ ವಾರವೇ ಪಾಲಕ್ಕನ ಗಂಡ ಓಬಳೇಶ ಹುಣಸೆ ಮರದಿಂದ ಬಿದ್ದು ಕಾಲು ಮುರಿದುಕೊಂಡ. ನಾಟಿ ವೈದ್ಯ ದಬ್ಬೆ ಕಟ್ಟಿ ಮಲಗಿಸಿದ್ದ. ಎಮ್ಮೆಯ ಜಗಳ ಇನ್ನೂ ಬಿಸಿ ಇತ್ತು. ಆದರೂ ಮಾಳವ್ವ ಗಂಜಿ ಮಾಡಿ ಮಗನ ಕೈಯಲ್ಲಿ ಕೊಟ್ಟಳು.

"ಕೊಟ್ಟು, ಒಂದು ಒಳ್ಳೆ ಮಾತಾಡಿ ಬಾ."

ತಿಪ್ಪ ಹೋದ. ಕೊಟ್ಟ. ಮುರಿದ ಕಾಲು ನೋಡಿದ. ಮುರಿಯದ ಕಾಲು ನೋಡಿದ.

"ಓಬಳೇಶಣ್ಣ, ಒಂದು ಕಾಲು ಚೆನ್ನಾಗಿದೆ!"

"ಹೂಂ ಕಣಪ್ಪ. ಅಷ್ಟಾದರೂ ಉಳಿಯಿತು," ಅಂದ ಓಬಳೇಶ. ಪಾಲಕ್ಕನಿಗೂ ಸಮಾಧಾನವಾಯಿತು. ಹುಡುಗ ಸುಧಾರಿಸಿದ ಅಂದುಕೊಂಡಳು.

ತಿಪ್ಪ ಮನೆಗೆ ಬಂದದ್ದು ಕುಂಟುತ್ತ. ಒಂದು ಕಾಲು ಬರಿಗಾಲು. ಇನ್ನೊಂದರಲ್ಲಿ ಓಬಳೇಶನ ಹೊಸ ಚಪ್ಪಲಿ.

"ಇದೇನೋ!"

"ಮುರಿದ ಕಾಲಿನದವ್ವ. ಕಾಲು ನೆಲಕ್ಕೆ ಊರಲ್ಲ, ಚಪ್ಪಲಿ ಸವೆಯಲ್ಲ. ಅಲ್ಲಿ ಅದೊಂದೇ ಒಳ್ಳೆಯದಿತ್ತು. ಹುಡುಕಿ ತಗೊಂಡೆ."

ಚಪ್ಪಲಿಯನ್ನು ಮಾಳವ್ವನೇ ಹಿಡಿದುಕೊಂಡು ಹೋದಳು. ಪಾಲಕ್ಕ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಯಾಕೆ ತಂದೆ ಮಾಳಕ್ಕ? ಇನ್ನೊಂದು ಕಾಲೂ ಮುರಿಯಲಿ, ಜೋಡಿ ಒಯ್ತಾನೆ. ಕೈ ಮುರಿದರೆ ಕಡಗ ಇದೆ. ಕುತ್ತಿಗೆ ಮುರಿದರೆ ರುಮಾಲು ಇದೆ. ಒಳ್ಳೆಯದು ಬೇಕಾದಷ್ಟಿದೆ ನಮ್ಮನೇಲಿ!"

ಮಾಳವ್ವ ಚಪ್ಪಲಿಯನ್ನು ಹೊಸಿಲಲ್ಲಿಟ್ಟು, ತಲೆ ತಗ್ಗಿಸಿ ಬಂದಳು. ನಡುಮನೆಯಲ್ಲಿ ಕಾಲು ಚಾಚಿ ಗೋಡೆಗೆ ಒರಗಿದಳು. ಸತ್ತೆ ಅನ್ನಲು ಬಾಯಿ ತೆರೆದಳು. ಮುಚ್ಚಿದಳು.

"ಏನೂ ಹುಡುಕಬೇಡ. ಏನೂ ತಗೋಬೇಡ. ಮಾತು ಒಂದನ್ನ ನೆಟ್ಟಗೆ ಆಡು. ಆ ಅಜ್ಜಿ ಮುಂದೆ ಇಲ್ಲ, ಮುಗೀತು ಅಂದೀಯ ಜೋಕೆ. ಹಿಟ್ಟು ಮುಗಿದರೂ ಹೆಚ್ಚಿದೆ ಅನ್ನಬೇಕು. ಉಪ್ಪು ಮುಗಿದರೂ ಹೆಚ್ಚಿದೆ ಅನ್ನಬೇಕು. ನಮ್ಮ ಅತ್ತೆ ಹಾಗೇ ಅಂತಿದ್ದಳು. ಮನೆಗೆ ಒಳ್ಳೆಯದು."

"ಮುಗಿದರೆ ಹೆಚ್ಚಿದೆ," ಅಂದ ತಿಪ್ಪ.

ಹುಣ್ಣಿಮೆ ಬಂತು. ಮಾಳವ್ವ ಕೋಳಿ ಕೂಗುವ ಮೊದಲೇ ಎದ್ದು ಮನೆ ಸಾರಿಸಿದಳು. ಹೋಳಿಗೆ ಮಾಡಬೇಕು. ಬೇಳೆ ತೊಳೆದಳು. ಒಲೆ ಮುಂದೆ ಕೂತವಳಿಗೆ ಏಳಲು ಸೊಂಟ ಬರಲಿಲ್ಲ.

"ಮಗಾ, ಅಟ್ಟದ ಗಡಿಗೇಲಿ ಬೆಲ್ಲ ಎಷ್ಟಿದೆ ನೋಡು."

ತಿಪ್ಪ ಏಣಿ ಹತ್ತಿದ. ಗಡಿಗೆಯೊಳಗೆ ಕೈ ಬಿಟ್ಟ. ತಳ ಸಿಕ್ಕಿತು. ಒಂದು ಇರುವೆ ಸಿಕ್ಕಿತು.

"ಹೆಚ್ಚಿದೆ ಅವ್ವ!"

"ಹೆಚ್ಚಿದೆಯಾ? ಸದ್ಯ!" ಇದ್ದ ಬೇಳೆಯನ್ನೆಲ್ಲ ಮಾಳವ್ವ ಪಾತ್ರೆಗೆ ಸುರಿದಳು. ಬೇಳೆ ಬೆಂದಿತು. ಕಣಕ ನೆನೆಯಿತು. "ಗಡಿಗೆ ಇಳಿಸೋ," ಅಂದಳು. ಇಳಿಸಿದ. ಬಗ್ಗಿ ನೋಡಿದಳು. ತಲೆಕೆಳಗು ಮಾಡಿ ನೋಡಿದಳು. ಇರುವೆ ಬಿತ್ತು.

"ಎಲ್ಲೋ ಬೆಲ್ಲ?"

"ಹೆಚ್ಚಿದೆ."

"ಹೆಚ್ಚಿದೆ ಅಂದರೆ ಇದೆ ಅಂತ ಅಲ್ಲವೇನೋ!"

"ಮುಗಿದರೆ ಹೆಚ್ಚಿದೆ ಅನ್ನು ಅಂದವಳು ನೀನೇ ಅಲ್ಲವಾ?"

ಮಾಳವ್ವ ಗಡಿಗೆ ಕೆಳಗಿಟ್ಟಳು. ಹೇಳಿದ್ದು ತಾನೇ. ಊರ ಅಂಗಡಿಯವನು ಸಂತೆಗೆ ಹೋಗಿದ್ದ. ಹೋಳಿಗೆ ನಿಂತಿತು. ಬೇಳೆ ಸಾರಾಯಿತು, ಕಣಕ ಚಪಾತಿಯಾಯಿತು.

"ಮಗಾ, ನಿನ್ನ ಕೈ ಮುಗೀತೀನಿ. ಅವರು ಇರೋವರೆಗೆ ನೀನು ಬಾಯೇ ಬಿಡಬೇಡ. ಒಳ್ಳೆ ಮಾತೂ ಬೇಡ, ಕೆಟ್ಟ ಮಾತೂ ಬೇಡ. ನಗ್ತಾ ಇರು. ನಾನು ಏನು ಹೇಳ್ತೀನೋ ಅಷ್ಟು ಮಾಡು."

ತಿಪ್ಪ ತಲೆಯಾಡಿಸಿದ. ಆಗಲೇ ಬಾಯಿ ಮುಚ್ಚಿದ್ದ.

ಮಧ್ಯಾಹ್ನ ಬಂದರು. ಕಾಟಪ್ಪ, ಅವನ ತಾಯಿ, ಜೊತೆಗೆ ಬೋರಣ್ಣ. ಮಾಳವ್ವ ದೇವರ ಗೂಡಿನಲ್ಲಿ ದೀಪ ಹಚ್ಚಿದ್ದಳು. ಕೂರಿಸಿದಳು, ನೀರು ಕೊಟ್ಟಳು, ಬಡಿಸಿದಳು. ಅಜ್ಜಿ ಸೂರು ನೋಡಿದಳು, ಸೂರಿನ ಹುಲ್ಲು ನೋಡಿದಳು, ತಿಪ್ಪನ ಮುಖ ನೋಡಿದಳು. ತಿಪ್ಪ ನಗುತ್ತಿದ್ದ.

"ಹುಡುಗ ಮಾತು ಕಡಿಮೆ," ಅಂದಳು ಅಜ್ಜಿ.

"ತೂಕದವನು ಅಜ್ಜೀ," ಅಂದ ಬೋರಣ್ಣ.

"ನಮ್ಮ ಹುಡುಗಿ ಇಬ್ಬರದೂ ಸೇರಿಸಿ ಆಡ್ತಾಳೆ ಬಿಡಿ," ಅಂದ ಕಾಟಪ್ಪ. "ಸಾರು ಚೆನ್ನಾಗಿದೆ ತಾಯಿ. ಇನ್ನೊಂದು ಸೌಟು ಹಾಕಿ."

ಮಾಳವ್ವನಿಗೆ ಹೆಗಲ ಹೊರೆ ಇಳಿದಂತಾಯಿತು. ಇನ್ನೇನು ಆಯಿತು. ಹಿತ್ತಲೊಂದನ್ನು ತೋರಿಸಿದರೆ ಮುಗಿಯಿತು.

"ಬನ್ನಿ, ಹಿತ್ತಲು ನೋಡುವಿರಂತೆ," ಅಂದಳು. ಎಲ್ಲರೂ ಎದ್ದರು. ಗಾಳಿ ಎದ್ದಿತ್ತು. ಮೇಲೆ ಒಣ ಹುಲ್ಲಿನ ಸೂರು. ದೀಪ ಆರಿಸು ಅನ್ನುವ ಮಾತು ಅವಳ ನಾಲಿಗೆ ತುದಿಗೆ ಬಂತು. ಅಜ್ಜಿ ಪಕ್ಕದಲ್ಲೇ ಇದ್ದಳು. ಆ ಮಾತು ನುಂಗಿಕೊಂಡಳು. ದೀಪ ಆರಿಸುವಾಗ ಹಿರಿಯರು ಅನ್ನುವ ಹಾಗೆ ಅಂದಳು.

"ಮಗಾ, ಗಾಳಿ ಇದೆ. ಆ ದೀಪ ದೊಡ್ಡದು ಮಾಡಿ ಬಾ."

ಅಜ್ಜಿ ತಲೆದೂಗಿದಳು. "ಮಾತು ಅಂದರೆ ಹೀಗಿರಬೇಕು."

ತಿಪ್ಪ ಒಳಗೆ ಉಳಿದ.

ಹಿತ್ತಲಲ್ಲಿ ಕಾಟಪ್ಪ ಬಾವಿ ಬಗ್ಗಿ ನೋಡಿದ. ಅಜ್ಜಿ ನುಗ್ಗೆ ಮರ ನೋಡಿದಳು. ಎಮ್ಮೆ ಮೇಯ್ದ ಪಾತಿಗಳನ್ನು ಬೋರಣ್ಣ ಅಡ್ಡ ನಿಂತು ಮರೆ ಮಾಡಿದ. ತಿಪ್ಪ ಹೊರಗೆ ಬಂದು ಅವ್ವನ ಪಕ್ಕ ನಿಂತ. ನಗುತ್ತಿದ್ದ. ಹುಬ್ಬು ಸ್ವಲ್ಪ ಸುಟ್ಟಿತ್ತು.

"ಮಾಡಿದೆಯಾ?" ಅಂತ ಮಾಳವ್ವ ಮೆಲ್ಲಗೆ ಕೇಳಿದಳು.

ತಲೆಯಾಡಿಸಿದ. ಎರಡೂ ಕೈ ಅಗಲಿಸಿ ತೋರಿಸಿದ. ಇಷ್ಟು ದೊಡ್ಡದು.

ಮಾಳವ್ವ ತಿರುಗಿ ನೋಡಿದಳು. ಸೂರಿನ ಮೇಲೆ ಹೊಗೆ ಇತ್ತು. ನೋಡುತ್ತಿದ್ದ ಹಾಗೆಯೇ ಬೆಂಕಿಯೂ ಬಂತು.

ಕೇರಿಯವರು ಕೊಡ ಹಿಡಿದು ಓಡಿ ಬಂದರು. ಪಾಲಕ್ಕ ಮೊದಲು ಬಂದಳು. ಬೋರಣ್ಣ ನೀರು ಸೇದಿದ, ಕಾಟಪ್ಪ ಎರಚಿದ. ಗೋಡೆ ಉಳಿಯಿತು. ಸೂರು ಹೋಯಿತು. ಇಷ್ಟು ಹೊತ್ತೂ ತಿಪ್ಪ ಬಾಯಿ ಬಿಡಲಿಲ್ಲ. ಕೊಡ ಕೊಟ್ಟರೆ ಹೊತ್ತ, ಇಳಿಸು ಅಂದರೆ ಇಳಿಸಿದ, ನಗುತ್ತಲೇ ಇದ್ದ. ಅಜ್ಜಿ ನುಗ್ಗೆ ಮರದ ಕೆಳಗೆ ನಿಂತು ಅವನನ್ನೇ ನೋಡುತ್ತಿದ್ದಳು.

ಹೊತ್ತು ಇಳಿಯಿತು. ಕಾಟಪ್ಪ ಮುಖದ ಮಸಿ ಒರೆಸಿಕೊಂಡ.

"ಬರ್ತೀವಿ ತಾಯಿ," ಅಂದ.

"ಬರ್ತೀವಮ್ಮ," ಅಂದಳು ಅಜ್ಜಿ.

ಹೋದರು. ಬೋರಣ್ಣ ಅವರ ಹಿಂದೆ ಕೈ ಹಿಸುಕಿಕೊಳ್ಳುತ್ತ ಹೋದ.

ಉಳಿದವರು ಇಬ್ಬರು. ಅಂಗಳದ ಬೇವಿನ ಮರದ ಕೆಳಗೆ ಯಾರೋ ಒಂದು ಚಾಪೆ ಹಾಕಿದ್ದರು, ಒಂದು ಕಂಬಳಿ ಕೊಟ್ಟಿದ್ದರು. ಮಾಳವ್ವ ಚಾಪೆಯ ಮೇಲೆ ಕೂತಳು.

"ಈಗ ಬಾಯಿ ಬಿಡು. ಏನು ಮಾಡಿದೆ?"

"ದೊಡ್ಡದು ಮಾಡಿದೆ ಅವ್ವ. ಎಣ್ಣೆ ಸುರಿದೆ, ಸಾಲದಾಯಿತು. ಪೊರಕೆ ಇಟ್ಟೆ, ಸಾಲದಾಯಿತು. ಸೂರಿನ ಹುಲ್ಲು ಎಳೆದು ತಾಗಿಸಿದೆ. ಆಮೇಲೆ ಅದೇ ದೊಡ್ಡದಾಯಿತು."

ಅವಳು ಬಯ್ಯಲಿಲ್ಲ. ಸತ್ತೆ ಅನ್ನಲು ಬಾಯಿ ತೆರೆಯಲೂ ಇಲ್ಲ.

"ಇನ್ನು ಯಾವ ಸೊಸೆ," ಅಂದಳು.

"ಬರ್ತಾರವ್ವ."

"ಯಾರು?"

"ಅವರು. ಬರ್ತೀವಿ ಅಂದರಲ್ಲ. ಇಬ್ಬರೂ ಅಂದರು."

ಹೋಗುವವರೆಲ್ಲ ಹಾಗೇ ಅನ್ನುವುದು ಅಂತ ಬಿಡಿಸಿ ಹೇಳಲು ಅವಳಿಗೆ ಉಸಿರು ಉಳಿದಿರಲಿಲ್ಲ. ಕಂಬಳಿ ತಲೆ ಮೇಲೆ ಎಳೆದುಕೊಂಡಳು.

"ಸರಿ. ಅವರು ಬಂದರೆ ಎಬ್ಬಿಸು," ಅಂದು ಮಲಗಿದಳು.

ಬೆಳಗಾಯಿತು. ಪಾಲಕ್ಕ ರೊಟ್ಟಿ ತಂದಳು. "ಅವ್ವನ್ನ ಎಬ್ಬಿಸೋ, ತಿನ್ನಲಿ." "ನೀನು ಅವರಲ್ಲ ಪಾಲಕ್ಕ," ಅಂದ ತಿಪ್ಪ. ಪಾಲಕ್ಕ ರೊಟ್ಟಿ ಇಟ್ಟು ಹೊಲಕ್ಕೆ ಹೋದಳು. ನಾಯಿ ಬಂದು ರೊಟ್ಟಿ ತಿಂದಿತು. ನಾಯಿಯೂ ಅವರಲ್ಲ. ತಿಪ್ಪ ಎಬ್ಬಿಸಲಿಲ್ಲ.

ಬಿಸಿಲೇರಿದ ಮೇಲೆ ಹೊಸಬನೊಬ್ಬ ಬಂದ. ಕೈಯಲ್ಲಿ ವೀಳ್ಯದೆಲೆಯ ಕಟ್ಟು.

"ಇದು ಮಾಳವ್ವನ ಮನೆಯಾ? ಕಾಟಪ್ಪ ಕಳಿಸಿದ್ದಾನೆ. ಒಳ್ಳೆ ಸುದ್ದಿ ಕಣಪ್ಪ! ಮನೆಗೆ ಬೆಂಕಿ ಬಿದ್ದರೂ ಹುಡುಗನ ಬಾಯಲ್ಲಿ ಒಂದು ಕೆಟ್ಟ ಮಾತು ಬರಲಿಲ್ಲ, ಇಂಥ ಗಂಡು ಎಲ್ಲೂ ಸಿಗಲ್ಲ ಅಂದಳಂತೆ ಅಜ್ಜಿ. ಇವತ್ತು ದಿನ ಚೆನ್ನಾಗಿದೆ, ಇವತ್ತೇ ವೀಳ್ಯ ಆಗಲಿ ಅಂತ. ಇನ್ನೊಂದು ಸಂಬಂಧದವರೂ ಅಲ್ಲಿ ಬಂದು ಕೂತಿದ್ದಾರೆ. ಬೇಗ ಕರಿ, ಅವ್ವ ಎಲ್ಲಿ?"

ತಿಪ್ಪ ಚಾಪೆ ತೋರಿಸಿದ. ತಲೆಯಿಂದ ಕಾಲಿನವರೆಗೆ ಕಂಬಳಿ.

"ಎಬ್ಬಿಸಪ್ಪ."

"ಎಬ್ಬಿಸೋ ಹಾಗಿಲ್ಲ," ಅಂದ ತಿಪ್ಪ. ಇವನೂ ಅವರಲ್ಲ.

ಬಂದವನು ಕಂಬಳಿ ನೋಡಿದ. ಸೂರಿಲ್ಲದ ಮನೆ ನೋಡಿದ. ದನಿ ತಗ್ಗಿಸಿದ.

"ಬೆಂಕಿಯಲ್ಲಿ ಏನಾದರೂ ಆಯಿತಾ?"

ತಿಪ್ಪ ಯೋಚಿಸಿದ. ಸತ್ತಳು ಅನ್ನಬಾರದು. ಇಲ್ಲ ಅನ್ನಬಾರದು.

"ಚೆನ್ನಾಗಿದ್ದಾಳೆ. ಇನ್ನು ಅವಳಿಗೆ ಯಾವ ಕಷ್ಟವೂ ಬೇಡ," ಅಂದ. ನಕ್ಕ.

ಬಂದವನು ತಲೆಯ ರುಮಾಲು ತೆಗೆದ. ಕಂಬಳಿಗೆ ದೂರದಿಂದ ಕೈ ಮುಗಿದ. ಸಾವಿನ ಮನೆಯಲ್ಲಿ ವೀಳ್ಯ ಇಡುವ ಹಾಗಿಲ್ಲ, ಬರ್ತೀನಿ ಅನ್ನುವ ಹಾಗೂ ಇಲ್ಲ. ಎಲೆಯ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಏನೂ ಹೇಳದೆ ಹೊರಟುಹೋದ.

ಸೂರಮ್ಮನ ವೀಳ್ಯ ಅವತ್ತೇ ಬೇರೆ ಮನೆಗೆ ಆಯಿತು.

ಮಾಳವ್ವ ಸಂಜೆಯವರೆಗೆ ಮಲಗಿದ್ದಳು.